ಖಾಲಿ ಸ್ಲಗ್: ಜ್ಯಾಂಗೊ ಡಾಕ್ಯುಮೆಂಟೇಶನ್ ಕನ್ನಡದ ಶೀರ್ಷಿಕೆಗೆ ಕೈಕೊಡುವ ಜಾಗ

ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೊದಲ್ಲಿ ಕನ್ನಡದ ಸುದ್ದಿತಾಣವನ್ನೋ ಬ್ಲಾಗನ್ನೋ ಕಟ್ಟುವವರು ಬಹುತೇಕ ಒಂದೇ ದಾರಿ ಹಿಡಿಯುತ್ತಾರೆ. ಲೇಖನದ ಮಾಡೆಲ್‌ನಲ್ಲಿ (ಡೇಟಾಬೇಸ್ ಕೋಷ್ಟಕದ ವಿವರಣೆಯಲ್ಲಿ) ಒಂದು ಶೀರ್ಷಿಕೆ, ಒಂದು ಸ್ಲಗ್‌ಫೀಲ್ಡ್; ಸ್ಲಗ್ ಎಂದರೆ ಯುಆರ್‌ಎಲ್‌ನಲ್ಲಿ ಲೇಖನವನ್ನು ಗುರುತಿಸುವ ಚಿಕ್ಕ ಹೆಸರು. ಸ್ಲಗ್‌ಗೆ ಯುನೀಕ್ ಎಂಬ ನಿರ್ಬಂಧ, ಅಂದರೆ ಒಂದೇ ಸ್ಲಗ್ ಎರಡು ಸಲ ಬರಬಾರದು. ಸೇವ್ ಆಗುವ ಹೊತ್ತಿಗೆ ಸ್ಲಗಿಫೈ ಫಂಕ್ಷನ್ನಿಗೆ ಶೀರ್ಷಿಕೆ ಕೊಟ್ಟು, ಬಂದದ್ದನ್ನು ಸ್ಲಗ್‌ನಲ್ಲಿ ತುಂಬುವುದು. ಮೊದಲ ಲೇಖನ ಸಲೀಸಾಗಿ ಸೇವ್ ಆಗುತ್ತದೆ. ಎರಡನೆಯದಕ್ಕೆ ಇಂಟೆಗ್ರಿಟಿ ಎರರ್ ಬರುತ್ತದೆ: ಇದೇ ಸ್ಲಗ್ ಆಗಲೇ ಇದೆ ಎಂದು. ಎರಡು ಶೀರ್ಷಿಕೆಗಳಿಗೂ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಡೇಟಾಬೇಸ್ ತೆರೆದು ನೋಡಿದರೆ ಮೊದಲ ಲೇಖನದ ಸ್ಲಗ್ ಖಾಲಿ. ಎರಡನೆಯದೂ ಖಾಲಿಯೇ ಆಗಿದ್ದರಿಂದ ಡಿಕ್ಕಿ. ಯುನೀಕ್ ಹಾಕದಿದ್ದವರಿಗೆ ಈ ಎರರ್ ಸಿಗುವುದಿಲ್ಲ. ಲೇಖನಗಳ ಪಟ್ಟಿಯ ಪುಟದಲ್ಲಿ ಲಿಂಕ್ ಕಟ್ಟುವಾಗ ನೋರಿವರ್ಸ್‌ಮ್ಯಾಚ್ (ಯುಆರ್‌ಎಲ್ ಕಟ್ಟಲಾಗಲಿಲ್ಲ ಎಂಬ ಎರರ್) ಬರುತ್ತದೆ. ಒಂದೇ ಕಾರಣಕ್ಕೆ ಎರಡು ಬೇರೆ ಬೇರೆ ಲಕ್ಷಣ.

ಕೋಡಿನ ಬಗ್ಗೆ ಚರ್ಚೆ ಬೇರೆಯೇ ಆಗಬಹುದು. ಇಲ್ಲಿ ನೋಡಬೇಕಿರುವುದು ಡಾಕ್ಯುಮೆಂಟೇಶನ್ನನ್ನು. ಜ್ಯಾಂಗೊದ ಡಾಕ್ಸ್ ಓಪನ್ ಸೋರ್ಸ್ ಲೋಕದಲ್ಲಿ ಮಾದರಿ ಎಂದು ಹೆಸರಾದದ್ದು, ಆ ಹೆಸರು ಸುಮ್ಮನೆ ಬಂದದ್ದಲ್ಲ. ಈ ವಿಷಯಕ್ಕೆ ಸಂಬಂಧಿಸಿದ ಪ್ರತಿ ಪುಟವೂ ತನ್ನ ಮಟ್ಟಿಗೆ ಸರಿಯಾಗಿಯೇ ಇದೆ. ಆದರೂ ಎಲ್ಲ ಪುಟಗಳನ್ನೂ ಓದಿ, ಹೇಳಿದಂತೆಯೇ ಮಾಡಿದ ಕನ್ನಡದ ಡೆವಲಪರ್ ಸೋಲುತ್ತಾರೆ. ಹಾಗೇಕೆ, ತಿದ್ದುವುದಾದರೆ ಯಾವ ಸಾಲನ್ನು ಎಲ್ಲಿ ಸೇರಿಸಬೇಕು ಎಂಬುದೇ ಈ ಪ್ರಕರಣ. ವಿವರಗಳು 4.2 ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಯವು.

ಓದುಗ ಹೋಗುವ ದಾರಿ

ಮೊದಲ ನಿಲ್ದಾಣ ಯುಟಿಲ್ಸ್ ರೆಫರೆನ್ಸ್ ಪುಟದ ಸ್ಲಗಿಫೈ. ಅಲ್ಲಿ ಕೊಟ್ಟ ಮೊದಲ ಹೆಜ್ಜೆ: ಅಲೌ-ಯೂನಿಕೋಡ್ ಎಂಬ ಆಯ್ಕೆ ಫಾಲ್ಸ್ ಆಗಿದ್ದರೆ ಆಸ್ಕಿಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಷ್ಟೇ ಇರುವ ಸಂಕೇತಪಟ್ಟಿಗೆ, ಪರಿವರ್ತನೆ. ಪರಿವರ್ತನೆ ಎಂದಾಗ ಕನ್ನಡದವರು ಲಿಪ್ಯಂತರ ಎಂದುಕೊಳ್ಳುವುದು ಸಹಜ. ಒಳಗೆ ನಡೆಯುವುದು ಬೇರೆ. ಪಠ್ಯವನ್ನು ಎನ್‌ಎಫ್‌ಕೆಡಿ ರೂಪಕ್ಕೆ, ಅಂದರೆ ಅಡಿಯ ಅಕ್ಷರವೂ ಅದರ ಮೇಲಿನ ಗುರುತೂ ಬೇರೆಬೇರೆಯಾಗುವಂತೆ, ಬಿಡಿಸಿ, ಆಸ್ಕಿಯಲ್ಲಿಲ್ಲದ್ದನ್ನೆಲ್ಲ ಬಿಸಾಡಲಾಗುತ್ತದೆ. ಫ್ರೆಂಚ್ ಪದದ ಮೇಲಿನ ಉಚ್ಚಾರಣೆಯ ಗೆರೆ ಹೋಗಿ ಅಡಿಯ ಅಕ್ಷರ ಉಳಿಯುತ್ತದೆ, ಆದ್ದರಿಂದ ಅವರ ಮಟ್ಟಿಗೆ ಅದು ಪರಿವರ್ತನೆಯೇ. ಕನ್ನಡದಲ್ಲಿ ಉಳಿಯುವ ಅಡಿಯ ಅಕ್ಷರವೇ ಇಲ್ಲ, ಪೂರ್ತಿ ಸಾಲು ಮಾಯ. "ಕನ್ನಡ ಪುಸ್ತಕ 2024" ಎಂಬ ಶೀರ್ಷಿಕೆ ಕೊಟ್ಟರೆ "2024" ಮಾತ್ರ ಬರುತ್ತದೆ. ಖಾಲಿ ಸ್ಲಗ್‌ಗಿಂತ ಇದು ಹೆಚ್ಚು ಅಪಾಯ. ಎರರ್ ಏನೂ ಬರದ ಕಾರಣ ಎಲ್ಲ ಸರಿಯಿದೆ ಅನ್ನಿಸುತ್ತದೆ, ಅದೇ ವರ್ಷದ ಇನ್ನೊಂದು ಶೀರ್ಷಿಕೆ ಬರುವವರೆಗೆ.

ಅದೇ ಪುಟದಲ್ಲಿ ಅಲೌ-ಯೂನಿಕೋಡ್ ಟ್ರೂ ಎಂದು ಕೊಡುವ ದಾರಿಯೂ ಇದೆ. ಈ ಸೌಲಭ್ಯ ಬಂದದ್ದು 1.9ರಲ್ಲಿ, 2015ರ ಡಿಸೆಂಬರ್‌ನಲ್ಲಿ. ಜೊತೆಗೆ ಒಂದು ಉದಾಹರಣೆ: ಚೀನೀ ಭಾಷೆಯ ನಮಸ್ಕಾರದ ಎರಡು ಅಕ್ಷರ, ಮುಂದೆ ವರ್ಲ್ಡ್ ಎಂಬ ಪದ; ಫಲಿತಾಂಶದಲ್ಲಿ ಎರಡೂ ಅಕ್ಷರ ಹಾಗೇ ಉಳಿದು ನಡುವೆ ಹೈಫನ್ ಬಂದಿದೆ. ಓದಿದವರಿಗೆ ಧೈರ್ಯ ಬರುತ್ತದೆ. ಕನ್ನಡದಲ್ಲಿ ಓಡಿಸಿ ನೋಡಿದರೆ:

ಸ್ಲಗಿಫೈ("ಕನ್ನಡ ಪುಸ್ತಕ", ಅಲೌ-ಯೂನಿಕೋಡ್=ಟ್ರೂ)
'ಕನನಡ-ಪಸತಕ'

ಒತ್ತಕ್ಷರ ಬಿಡಿಯಾಯಿತು, ಕೊಂಬು ಉದುರಿತು. ಫಂಕ್ಷನ್ನಿನ ಒಳಗಿನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಉಳಿಸಿಕೊಳ್ಳುವುದು ಪೈಥಾನ್ ಪದಾಕ್ಷರ ಎಂದು ಕರೆಯುವುದನ್ನು ಮಾತ್ರ, ಅಂದರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್. ಯೂನಿಕೋಡ್ ವರ್ಗೀಕರಣದಲ್ಲಿ ಕ, ನ, ಡ ಅಕ್ಷರಗಳು. ಕೊಂಬು, ದೀರ್ಘ, ಹಲಂತ, ಅನುಸ್ವಾರ ಅಕ್ಷರಗಳಲ್ಲ, ಚಿಹ್ನೆಗಳು. ಗುಡಿಸು ಮತ್ತು ಹಲಂತ ಎಂಎನ್ ವರ್ಗಕ್ಕೆ ಸೇರಿದರೆ, ಕೊಂಬು ಎಂಸಿ ವರ್ಗಕ್ಕೆ. ಎರಡೂ ವರ್ಗ ಪದಾಕ್ಷರದ ಪಟ್ಟಿಯಿಂದ ಹೊರಗೆ. ಹೀಗಾಗಿ ಕಾಡು, ಕೇಡು, ಕೂಡು, ಕೋಡು, ಈ ನಾಲ್ಕಕ್ಕೂ ಒಂದೇ ಸ್ಲಗ್: 'ಕಡ'. ದೇವನಾಗರಿ, ತೆಲುಗು, ತಮಿಳು, ಮಲಯಾಳಂ ಎಲ್ಲಕ್ಕೂ ಇದೇ ಗತಿ. ಚೀನೀ ಲಿಪಿಯಲ್ಲಿ ಇಂಥ ಚಿಹ್ನೆಗಳಿಲ್ಲ. ಡಾಕ್ಸ್‌ನ ಉದಾಹರಣೆ ಪಾಸಾದದ್ದು ಅದಕ್ಕೇ.

ಇಷ್ಟಾದ ಮೇಲೆ ಓದುಗರು ಸ್ಲಗ್‌ಫೀಲ್ಡ್‌ಗೂ ಅಲೌ-ಯೂನಿಕೋಡ್ ಟ್ರೂ ಕೊಟ್ಟು, ಜ್ಯಾಂಗೊದ ಆಡಳಿತ ಪುಟವಾದ ಅಡ್ಮಿನ್‌ಗೆ ಹೋಗಿ ಸ್ಲಗ್ಗನ್ನು ಕೈಯಾರೆ ಟೈಪ್ ಮಾಡುತ್ತಾರೆ: ಕನ್ನಡ-ಪುಸ್ತಕ. ಫಾರಂ ಒಪ್ಪುವುದಿಲ್ಲ. ಯೂನಿಕೋಡ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಮಾತ್ರ ಇರಲಿ ಎನ್ನುತ್ತದೆ. ಟೈಪ್ ಮಾಡಿದ್ದು ಅಕ್ಷರವೇ ತಾನೇ ಎಂದು ಮೂರು ಸಲ ನೋಡಿದರೂ ತಪ್ಪು ಕಾಣದು, ಏಕೆಂದರೆ ತಪ್ಪು ಇರುವುದು ಅಕ್ಷರದೊಂದಿಗೆ ಬೆರೆತು ಕಣ್ಣಿಗೆ ಬೇರೆಯಾಗಿ ಕಾಣದ ಹಲಂತ, ಕೊಂಬುಗಳಲ್ಲಿ. ಅದೇ ಸ್ಲಗ್ಗನ್ನು ಶೆಲ್‌ನಿಂದ ಸೇವ್ ಮಾಡಿದರೆ ತಕರಾರಿಲ್ಲದೆ ಕೂತುಕೊಳ್ಳುತ್ತದೆ; ಮಾಡೆಲ್‌ನ ಸೇವ್ ಮೆಥಡ್ ವ್ಯಾಲಿಡೇಟರ್‌ಗಳನ್ನು, ಅಂದರೆ ಮೌಲ್ಯ ಸರಿಯಿದೆಯೇ ಎಂದು ನೋಡುವ ಕೋಡನ್ನು, ಓಡಿಸುವುದಿಲ್ಲ. ಒಬ್ಬರಿಗೆ ಬರುವ ದೋಷ ಇನ್ನೊಬ್ಬರಿಗೆ ಬರುವುದಿಲ್ಲ ಎಂಬ ಗೊಂದಲದ ಮೂಲ ಇದು.

ಕೊನೆಯ ಗೋಡೆ ಯುಆರ್‌ಎಲ್ ಕಡತದಲ್ಲಿದೆ. ಪಾಥ್‌ನಲ್ಲಿ, ಅಂದರೆ ಯುಆರ್‌ಎಲ್‌ನ ಮಾದರಿ ಬರೆಯುವ ಸಾಲಿನಲ್ಲಿ, ಸ್ಲಗ್ ಎಂಬ ಕನ್ವರ್ಟರ್ (ಆ ಜಾಗದಲ್ಲಿ ಏನು ಬರಬಹುದೆಂದು ಹೇಳುವ ಗುರುತು) ಬಳಸಿದ್ದರೆ ಅದು ಆಸ್ಕಿ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್‌ಗಳನ್ನಷ್ಟೇ ಹಿಡಿಯುತ್ತದೆ. ಕನ್ನಡದ ಸ್ಲಗ್ ಡೇಟಾಬೇಸ್‌ನಲ್ಲಿ ಕೂತಿದ್ದರೂ ಪುಟ 404. ಈ ಮಾತು ಯುಆರ್‌ಎಲ್ ಡಿಸ್ಪ್ಯಾಚರ್ ಪುಟದಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಆದರೆ ಸ್ಲಗ್‌ಫೀಲ್ಡ್‌ನಲ್ಲಿ ಅಲೌ-ಯೂನಿಕೋಡ್ ಹಾಕಿದವರು ಹೆಸರು ಒಂದೇ ಇರುವ ಕನ್ವರ್ಟರ್ ಬೇರೆ ನಿಯಮ ಪಾಲಿಸುತ್ತದೆಂದು ಯಾಕೆ ಊಹಿಸಬೇಕು?

ಯುಟಿಲ್ಸ್, ಮಾಡೆಲ್ ಫೀಲ್ಡ್, ವ್ಯಾಲಿಡೇಟರ್, ಟೆಂಪ್ಲೇಟ್ ಫಿಲ್ಟರ್, ಯುಆರ್‌ಎಲ್ ಡಿಸ್ಪ್ಯಾಚರ್, ಹೀಗೆ ಐದು ಪುಟಗಳಲ್ಲಿ ಒಂದು ಸತ್ಯದ ಐದು ಚೂರುಗಳಿವೆ. ಪ್ರತಿ ಪುಟವೂ ತಾನು ವಿವರಿಸುವ ಘಟಕದ ಕಡೆಯಿಂದ ಬರೆದದ್ದು. ರೆಫರೆನ್ಸ್ ಹಾಗೆಯೇ ಇರಬೇಕು, ಅದರಲ್ಲಿ ತಪ್ಪಿಲ್ಲ. ಕೊರತೆ ಇರುವುದು ಎರಡು ಕಡೆ: ರೆಫರೆನ್ಸ್‌ನ ಒಂದು ವಾಕ್ಯ ಸಾಕಷ್ಟು ನಿಖರವಾಗಿಲ್ಲ, ಕೆಲಸದ ಕಡೆಯಿಂದ ಈ ಚೂರುಗಳನ್ನು ಪೋಣಿಸುವ ಪುಟ ಇಲ್ಲವೇ ಇಲ್ಲ.

ಯಾವ ಮಾತು ಯಾವ ಪುಟಕ್ಕೆ

ಜ್ಯಾಂಗೊ ತನ್ನ ಡಾಕ್ಸನ್ನು ನಾಲ್ಕಾಗಿ ವಿಂಗಡಿಸುತ್ತದೆ: ಕೈಹಿಡಿದು ನಡೆಸುವ ಟ್ಯುಟೋರಿಯಲ್, ಪರಿಕಲ್ಪನೆ ತಿಳಿಸುವ ಟಾಪಿಕ್ ಗೈಡ್, ಯಂತ್ರಭಾಗಗಳ ವಿವರ ಕೊಡುವ ರೆಫರೆನ್ಸ್, ಒಂದು ನಿರ್ದಿಷ್ಟ ಕೆಲಸ ಮಾಡಿಸುವ ಹೌಟು. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ತಮಗೆ ಗೊತ್ತಾದದ್ದನ್ನೆಲ್ಲ ಸಿಕ್ಕ ಒಂದೇ ಪುಟಕ್ಕೆ ಸುರಿಯುವುದು. ಸ್ಲಗಿಫೈ ಅಡಿಯಲ್ಲಿ ಹೀಗೊಂದು ಕರಡು ಬಂತೆನ್ನಿ:

"ಭಾರತೀಯ ಭಾಷೆಗಳಲ್ಲಿ ಸ್ವರಗಳು ವ್ಯಂಜನಕ್ಕೆ ಸೇರಿದಾಗ ಚಿಹ್ನೆಗಳಾಗುತ್ತವೆ. ಯೂನಿಕೋಡ್ ಇವನ್ನು ಬೇರೆ ವರ್ಗದಲ್ಲಿ ಇಟ್ಟಿದೆ. ದುರದೃಷ್ಟವಶಾತ್ ಪೈಥಾನ್ ಇವನ್ನು ಗುರುತಿಸುವುದಿಲ್ಲ, ಆದ್ದರಿಂದ ಸ್ಲಗಿಫೈ ಕನ್ನಡ, ಹಿಂದಿ ಮುಂತಾದ ಭಾಷೆಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದನ್ನು ಬಳಸದಿರುವುದು ಒಳ್ಳೆಯದು."

ಇದರಲ್ಲಿ ಪಾಠವಿದೆ, ದೂರೂ ಇದೆ. ಓದುಗರಿಗೆ ಬೇಕಾದ್ದು ಇಲ್ಲ. "ಸರಿಯಾಗಿ ಕೆಲಸ ಮಾಡುವುದಿಲ್ಲ" ಎಂದರೆ ಎರರ್ ಬರುತ್ತದೆಯೇ, ಖಾಲಿ ಬರುತ್ತದೆಯೇ, ಅಕ್ಷರ ಕೆಡುತ್ತದೆಯೇ? "ಬಳಸದಿರಿ" ಎಂದ ಮೇಲೆ ಬದಲಿಗೆ ಏನು? "ಮುಂತಾದ ಭಾಷೆಗಳು" ಎಂದರೆ ಯಾವುವು? ಅದು ಭಾಷೆಯ ಮಾತೂ ಅಲ್ಲ, ಲಿಪಿಯ ಮಾತು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದರೂ ಇದೇ ಫಲ. ದುರದೃಷ್ಟವಶಾತ್ ಎಂಬ ಪದಕ್ಕೆ ರೆಫರೆನ್ಸ್‌ನಲ್ಲಿ ಜಾಗವೇ ಇಲ್ಲ.

ತಿದ್ದಿದ ಕರಡು:

"ಅಲೌ-ಯೂನಿಕೋಡ್ ಟ್ರೂ ಇದ್ದಾಗಲೂ ಸಂಯೋಜಕ ಚಿಹ್ನೆಗಳು, ಅಂದರೆ ಯೂನಿಕೋಡ್‌ನ ಎಂಎನ್ ಮತ್ತು ಎಂಸಿ ವರ್ಗದವು, ತೆಗೆಯಲ್ಪಡುತ್ತವೆ. ಕನ್ನಡ, ದೇವನಾಗರಿಯಂಥ ಲಿಪಿಗಳಲ್ಲಿ ಇದರಿಂದ ಪದವೇ ಬದಲಾಗುತ್ತದೆ: 5 ಕೋಡ್‌ಪಾಯಿಂಟ್‌ಗಳ 'ಕನ್ನಡ' 4 ಕೋಡ್‌ಪಾಯಿಂಟ್‌ಗಳ 'ಕನನಡ' ಆಗುತ್ತದೆ."

ಎರಡೇ ವಾಕ್ಯ. ಏನಾಗುತ್ತದೆ, ಯಾವುದಕ್ಕೆ ಆಗುತ್ತದೆ, ಕಣ್ಣಾರೆ ಹೇಗಿರುತ್ತದೆ ಎಂಬುದಿಷ್ಟು. ಕೋಡ್‌ಪಾಯಿಂಟ್ ಎಂದರೆ ಯೂನಿಕೋಡ್ ಒಂದು ಅಕ್ಷರಕ್ಕೋ ಚಿಹ್ನೆಗೋ ಕೊಟ್ಟ ಸಂಖ್ಯೆ; 5 ಮತ್ತು 4 ಎಂಬ ಎಣಿಕೆ ವಿಮರ್ಶಕರಿಗಾಗಿ. ಪ್ಯಾಚ್ (ಕಳಿಸಿದ ತಿದ್ದುಪಡಿ) ನೋಡುವವರಿಗೆ ಕನ್ನಡ ಬರಬೇಕೆಂದಿಲ್ಲ, ಅವರ ಬ್ರೌಸರ್‌ನಲ್ಲಿ ಎರಡು ಪದಗಳೂ ಒಂದೇ ಥರ ಕಾಣಬಹುದು. ಉದ್ದದ ವ್ಯತ್ಯಾಸವನ್ನು ಯಾರು ಬೇಕಾದರೂ ಲೆನ್ ಫಂಕ್ಷನ್ನಿನಿಂದ ಪರೀಕ್ಷಿಸಬಹುದು. ಪರಿಚಯವಿಲ್ಲದ ಲಿಪಿಯ ಉದಾಹರಣೆ ಕೊಡುವಾಗಲೆಲ್ಲ ಇಂಥ ಒಂದು ಕೈಗಂಬ ಇಡುವುದು ಒಳ್ಳೆಯದು.

ಈ ಟಿಪ್ಪಣಿ ಪೂರ್ತಿಯಾಗಿ ಇರಬೇಕಾದದ್ದು ಯುಟಿಲ್ಸ್ ಪುಟದ ಸ್ಲಗಿಫೈ ಅಡಿಯಲ್ಲಿ ಮಾತ್ರ. ಸ್ಲಗ್‌ಫೀಲ್ಡ್‌ನ ಅಲೌ-ಯೂನಿಕೋಡ್ ಅಡಿಯಲ್ಲಿ ಒಂದು ಸಾಲು: ಸಂಯೋಜಕ ಚಿಹ್ನೆಯಿರುವ ಮೌಲ್ಯವನ್ನು ವ್ಯಾಲಿಡೇಟರ್ ತಿರಸ್ಕರಿಸುತ್ತದೆ, ಮುಂದಕ್ಕೆ ಕೊಂಡಿ. ಟೆಂಪ್ಲೇಟಿನ ಸ್ಲಗಿಫೈ ಫಿಲ್ಟರ್‌ಗೆ ಅಲೌ-ಯೂನಿಕೋಡ್ ಆಯ್ಕೆಯೇ ಇಲ್ಲ, ಅಲ್ಲಿ ಬೇಕಾದದ್ದು ಬೇರೆ ಮಾತು: ಆಸ್ಕಿ ಸಮಾನರೂಪವಿಲ್ಲದ ಅಕ್ಷರಗಳು ಬಿಟ್ಟುಹೋಗುತ್ತವೆ, ಫಲಿತಾಂಶ ಖಾಲಿಯಾಗಬಹುದು. ಈ ಫಿಲ್ಟರನ್ನು ಉಪಶೀರ್ಷಿಕೆಗಳ ಐಡಿ ಮಾಡಲು ಬಳಸಿದ ಕನ್ನಡ ಪುಟಗಳಲ್ಲಿ ಎಲ್ಲ ಐಡಿಗಳೂ ಖಾಲಿಯಾಗಿ ಪರಿವಿಡಿಯ ಕೊಂಡಿಗಳು ಸತ್ತಿರುತ್ತವೆ. ಒಂದೇ ಟಿಪ್ಪಣಿಯನ್ನು ಐದು ಕಡೆ ನಕಲು ಮಾಡಿದರೆ ಮುಂದೆ ಕೋಡ್ ಬದಲಾದಾಗ ನಾಲ್ಕು ಕಡೆ ಹಳೆಯದೇ ಉಳಿಯುವುದು ಖಚಿತ.

ಹೌಟು: ಕನ್ನಡ ಶೀರ್ಷಿಕೆಗೆ ಯುಆರ್‌ಎಲ್

ಪೋಣಿಸುವ ಪುಟ ಜ್ಯಾಂಗೊದ ಅಧಿಕೃತ ಡಾಕ್ಸ್‌ನಲ್ಲೇ ಇರಬೇಕೆಂದಿಲ್ಲ. ಕನ್ನಡದ ಸಿಎಂಎಸ್ (ತಾಣದ ಲೇಖನಗಳನ್ನು ನಿರ್ವಹಿಸುವ ತಂತ್ರಾಂಶ) ಒಂದರ ರೆಪೊಸಿಟರಿಯೊಳಗೆ, ಅದರ ಡಾಕ್ಸ್ ಫೋಲ್ಡರ್‌ನಲ್ಲಿ ಇದ್ದರೆ ಇನ್ನೂ ಉಪಯೋಗ. ಆಗ ಅದನ್ನು ಕನ್ನಡದಲ್ಲೇ ಬರೆಯಬಹುದು. ಜ್ಯಾಂಗೊದ ಸಂದೇಶಗಳಿಗೆ ಕನ್ನಡ ಅನುವಾದ ಇದೆ, ಡಾಕ್ಸ್‌ಗೆ ಇಲ್ಲ.

ಶೀರ್ಷಿಕೆಯ ಕೆಳಗಿನ ಮೊದಲ ಪ್ಯಾರಾದಲ್ಲಿ ಲಕ್ಷಣಗಳು ಬರಲಿ: ಖಾಲಿ ಸ್ಲಗ್, ಎರಡನೇ ಲೇಖನಕ್ಕೆ ಇಂಟೆಗ್ರಿಟಿ ಎರರ್, ನೋರಿವರ್ಸ್‌ಮ್ಯಾಚ್, 404, ಅಡ್ಮಿನ್‌ನ ತಿರಸ್ಕಾರ. ಜನ ಹುಡುಕುವುದು ಕಾರಣವನ್ನಲ್ಲ, ಪರದೆಯ ಮೇಲೆ ಕಂಡ ಎರರ್ ಸಾಲನ್ನು. ಎರರ್‌ನ ಪದಗಳನ್ನು ಅನುವಾದಿಸದೆ ಇದ್ದ ಹಾಗೇ ಹಾಕಬೇಕು.

ಆಮೇಲೆ ಒಂದು ಪ್ರಶ್ನೆ: ಯುಆರ್‌ಎಲ್‌ನಲ್ಲಿ ಕನ್ನಡ ನಿಜಕ್ಕೂ ಬೇಕೇ? ಕನ್ನಡದ ಒಂದು ಕೋಡ್‌ಪಾಯಿಂಟ್ ಯುಟಿಎಫ್-8ರಲ್ಲಿ 3 ಬೈಟ್, ಲಿಂಕ್ ನಕಲು ಮಾಡಿದಾಗ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಒಟ್ಟು 9. ಸ್ಲಗ್‌ಫೀಲ್ಡ್‌ನ ಪೂರ್ವನಿಯೋಜಿತ ಮಿತಿ 50. ಅಷ್ಟೂ ತುಂಬಿದರೆ ವಾಟ್ಸಾಪ್‌ಗೆ ಹಾಕಿದ ಲಿಂಕ್ 450 ಅಕ್ಷರ ಆಗಬಹುದು. ಇದು ಬೇಡವೆನ್ನುವವರು ಲೇಖನದ ಐಡಿ ಸಂಖ್ಯೆಯನ್ನೇ ಯುಆರ್‌ಎಲ್‌ನಲ್ಲಿಟ್ಟು ಇಲ್ಲಿಗೇ ನಿಲ್ಲಿಸಬಹುದು. ಹಾಗೆ ಹೇಳಿ ಓದುಗರನ್ನು ಬೇಗ ಕಳಿಸಿಕೊಡುವುದೂ ಒಳ್ಳೆಯ ಹೌಟುವಿನ ಗುಣ.

ಬೇಕು ಎನ್ನುವವರಿಗೆ ಹೆಜ್ಜೆಗಳು ಹೀಗೆ.

1. ಸ್ವಂತ ಸ್ಲಗ್ ಫಂಕ್ಷನ್. ಮೊದಲು ಪಠ್ಯವನ್ನು ಎನ್‌ಎಫ್‌ಸಿಗೆ, ಅಂದರೆ ತುಂಡುಗಳು ಕೂಡಿದ ರೂಪಕ್ಕೆ, ತರಬೇಕು, ಏಕೆಂದರೆ 'ೊ', 'ೋ', 'ೀ' ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ಬಿಡಿ ತುಂಡುಗಳಾಗಿಯೂ ಬರಬಹುದು. ನಂತರ ಪ್ರತಿ ಕೋಡ್‌ಪಾಯಿಂಟ್‌ನ ವರ್ಗ ನೋಡಿ, ವರ್ಗದ ಮೊದಲ ಅಕ್ಷರ ಎಲ್, ಎಂ ಅಥವಾ ಎನ್ (ಕ್ರಮವಾಗಿ ಅಕ್ಷರ, ಸಂಯೋಜಕ ಚಿಹ್ನೆ, ಅಂಕಿ) ಇದ್ದರೆ ಉಳಿಸಿ, ಖಾಲಿ ಜಾಗವನ್ನು ಹೈಫನ್ ಮಾಡಿ, ಉಳಿದದ್ದನ್ನು ಬಿಡಿ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್ ಇದಕ್ಕೆ ಸಾಕು.

2. ಉದ್ದ ಕತ್ತರಿಸುವುದಿದ್ದರೆ ಹೈಫನ್ ಇರುವಲ್ಲಿ ಕತ್ತರಿಸಿ. ನೇರವಾಗಿ 50ನೇ ಸ್ಥಾನದಲ್ಲಿ ಕತ್ತರಿಸಿದರೆ ಪದ ಹಲಂತದಲ್ಲಿ ನಿಲ್ಲಬಹುದು. "ಪುಸ್ತಕ" ಹೋಗಿ "ಪುಸ್" ಉಳಿಯುತ್ತದೆ.

3. ಸ್ಲಗ್‌ಫೀಲ್ಡ್ ಬದಲು ಚಾರ್‌ಫೀಲ್ಡ್, ಜೊತೆಗೆ ಸ್ವಂತ ರೆಜೆಕ್ಸ್ ವ್ಯಾಲಿಡೇಟರ್. ಪದಾಕ್ಷರಗಳ ಜೊತೆಗೆ ಯೂನಿಕೋಡ್‌ನ ಕನ್ನಡ ಬ್ಲಾಕಿನ 128 ಸ್ಥಾನಗಳನ್ನೂ ಹೈಫನ್ನನ್ನೂ ಒಪ್ಪುವಂತೆ ಬರೆಯಿರಿ. ಸ್ಲಗ್‌ಫೀಲ್ಡ್ ತಾನಾಗಿಯೇ ಇಂಡೆಕ್ಸ್ ಹಾಕುತ್ತಿತ್ತು, ಚಾರ್‌ಫೀಲ್ಡ್ ಹಾಕುವುದಿಲ್ಲ. ಯುನೀಕ್ ಅಥವಾ ಡಿಬಿ-ಇಂಡೆಕ್ಸ್ ಮರೆಯಬೇಡಿ.

4. ಪಾಥ್‌ನಲ್ಲಿ ಸ್ಲಗ್ ಕನ್ವರ್ಟರ್ ತೆಗೆದು ಎಸ್‌ಟಿಆರ್ ಹಾಕಿ. ಅದು ಓರೆಗೆರೆ ಬಿಟ್ಟು ಎಲ್ಲವನ್ನೂ ಹಿಡಿಯುವುದರಿಂದ ಈ ಸಾಲು ಉಳಿದ ಪಾಥ್‌ಗಳ ಕೆಳಗಿರಲಿ.

5. ಶೀರ್ಷಿಕೆಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಯೋ ಇಮೋಜಿಯೋ ಇದ್ದರೆ ಈ ಫಂಕ್ಷನ್ನೂ ಖಾಲಿಯನ್ನೇ ಕೊಡುತ್ತದೆ. ಖಾಲಿ ಬಂದಾಗ ಐಡಿಗೆ ಮರಳುವ ಸಾಲು ಕಡ್ಡಾಯ.

6. ಹಳೆಯ ಲೇಖನಗಳಿಗೆ ಡೇಟಾ ಮೈಗ್ರೇಶನ್, ಅಂದರೆ ಡೇಟಾಬೇಸ್‌ನಲ್ಲಿ ಆಗಲೇ ಇರುವ ಸಾಲುಗಳನ್ನು ಬದಲಿಸುವ ಕೋಡ್.

ಆರನೆಯದರಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಮೈಗ್ರೇಶನ್‌ನಲ್ಲಿ ನಮ್ಮ ಕೋಡ್ ಓಡಿಸುವ ರನ್‌ಪೈಥಾನ್ ಒಳಗೆ ಸಿಗುವುದು ಮಾಡೆಲ್‌ನ ಚಾರಿತ್ರಿಕ ರೂಪ. ನೀವು ಬರೆದ ಸೇವ್ ಮೆಥಡ್ ಅದರಲ್ಲಿ ಇರುವುದಿಲ್ಲ. ಲೂಪ್ ಹಾಕಿ ಪ್ರತಿ ಲೇಖನವನ್ನೂ ಸೇವ್ ಮಾಡಿದರೆ ಮೈಗ್ರೇಶನ್ ಓಕೆ ಎಂದು ಮುಗಿಯುತ್ತದೆ, ಸ್ಲಗ್‌ಗಳು ಮಾತ್ರ ಖಾಲಿಯಾಗಿಯೇ ಉಳಿಯುತ್ತವೆ. ಸ್ಲಗ್ಗನ್ನು ಅಲ್ಲೇ ಲೆಕ್ಕಹಾಕಿ ತುಂಬಬೇಕು. ಯುನೀಕ್ ನಿರ್ಬಂಧವನ್ನು ಹೊಸದಾಗಿ ಹಾಕುವುದಾದರೆ ಮೊದಲು ಫೀಲ್ಡ್, ಆಮೇಲೆ ಡೇಟಾ, ಕೊನೆಗೆ ನಿರ್ಬಂಧ ಎಂದು ಮೂರು ಮೈಗ್ರೇಶನ್ ಬೇಕು. ಯುನೀಕ್ ಫೀಲ್ಡ್ ಸೇರಿಸುವ ಬಗ್ಗೆ ಜ್ಯಾಂಗೊ ಡಾಕ್ಸ್‌ನಲ್ಲೇ ಪ್ರತ್ಯೇಕ ಭಾಗವಿದೆ. ಅದನ್ನು ಮತ್ತೆ ಬರೆಯದೆ ಕೊಂಡಿ ಕೊಟ್ಟರೆ ಸಾಕು.

ಇನ್ನೊಂದು ಸಣ್ಣ ವಿಷಯ ಪುಟದಲ್ಲಿ ಬರೆದಿಡದಿದ್ದರೆ ಬಗ್ ಎಂದು ಮರಳಿ ಬರುತ್ತದೆ. "ಸಾಫ್ಟ್‌ವೇರ್" ಎಂದು ಬರೆಯುವಾಗ ಟ ಮತ್ತು ವ ನಡುವೆ ಕಾಣದ ಒಂದು ಬೇರ್ಪಡಿಕೆ ಅಕ್ಷರ ಇರುತ್ತದೆ. ಅದರ ವರ್ಗ ಸಿಎಫ್, ಮೇಲಿನ ಫಂಕ್ಷನ್ ಅದನ್ನು ಬಿಡುತ್ತದೆ, ಸ್ಲಗ್‌ನಲ್ಲಿ ಟ-ಕಾರಕ್ಕೆ ವ ಒತ್ತಾಗಿ ಕೂರುತ್ತದೆ. ಕಾಣಲು ಸ್ವಲ್ಪ ಬೇರೆ, ಕೆಲಸಕ್ಕೆ ತೊಂದರೆಯಿಲ್ಲ. ಬೇಕೆಂದೇ ಹೀಗೆ ಬಿಟ್ಟಿದೆ ಎಂಬ ಒಂದು ಸಾಲು ಇರಲಿ.

ಬರೆದದ್ದನ್ನು ಪರೀಕ್ಷಿಸುವುದಕ್ಕೆ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್, ಖಾಲಿ ಪ್ರಾಜೆಕ್ಟ್, ಈ ಕೋಡ್ ನೋಡಿರದ ಒಬ್ಬರು ಬೇಕು. ಅವರು ಪುಟ ಬಿಟ್ಟು ಇನ್ನೊಂದು ಟ್ಯಾಬ್ ತೆರೆದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಬಹುತೇಕ ಸಲ ಅಲ್ಲಿ ಇಂಪೋರ್ಟ್ ಸಾಲು ಬಿಟ್ಟುಹೋಗಿರುತ್ತದೆ, ಇಲ್ಲವೇ ಕೋಡ್ ಯಾವ ಕಡತಕ್ಕೆ ಸೇರಬೇಕೆಂದು ಹೇಳಿರುವುದಿಲ್ಲ.

ರೆಫರೆನ್ಸ್ ಟಿಪ್ಪಣಿಯನ್ನು ಕಳಿಸುವುದು

ಜ್ಯಾಂಗೊದ ಡಾಕ್ಸ್ ಕೋಡಿನ ರೆಪೊಸಿಟರಿಯಲ್ಲೇ, ಡಾಕ್ಸ್ ಎಂಬ ಫೋಲ್ಡರ್‌ನಲ್ಲಿ ಇದೆ. ಕಡತಗಳ ಕೊನೆಯಲ್ಲಿ ಟಿಎಕ್ಸ್‌ಟಿ ಎಂದಿದ್ದರೂ ಒಳಗಿರುವುದು ರೀಸ್ಟ್ರಕ್ಚರ್ಡ್ ಟೆಕ್ಸ್ಟ್; ಸ್ಫಿಂಕ್ಸ್ ಅದನ್ನು ಎಚ್‌ಟಿಎಂಎಲ್ ಮಾಡುತ್ತದೆ. ತಿದ್ದಬೇಕಾದ ಕಡತ ರೆಫ್ ಫೋಲ್ಡರ್‌ನ ಯುಟಿಲ್ಸ್. ಸಾಲುಗಳು 79 ಅಕ್ಷರ ಮೀರದಂತೆ ಮುರಿಯಬೇಕು. ಡಾಕ್ಸ್ ಫೋಲ್ಡರ್‌ನಿಂದ ಮೇಕ್ ಎಚ್‌ಟಿಎಂಎಲ್ ಓಡಿಸಿ, ಬಂದ ಪುಟವನ್ನು ಬ್ರೌಸರ್‌ನಲ್ಲಿ ನೋಡಿ; ಟಿಪ್ಪಣಿಯ ಇಂಡೆಂಟ್ ತಪ್ಪಿದ್ದರೆ ಅದು ಸ್ಲಗಿಫೈಯಿಂದ ಕಳಚಿ ಮುಂದಿನ ಫಂಕ್ಷನ್ನಿನ ತಲೆಯ ಮೇಲೆ ಕೂತಿರುತ್ತದೆ. ಆಮೇಲೆ ಮೇಕ್ ಸ್ಪೆಲಿಂಗ್. ದೇವನಾಗರಿ ಎಂಬ ಹೆಸರನ್ನು ಇಂಗ್ಲಿಷ್ ನಿಘಂಟು ಗುರುತಿಸದಿದ್ದರೆ ಸ್ಪೆಲಿಂಗ್ ವರ್ಡ್‌ಲಿಸ್ಟ್ ಕಡತಕ್ಕೆ ಅಕ್ಷರಾನುಕ್ರಮದಲ್ಲಿ ಸೇರಿಸಬೇಕು.

ಕಾಗುಣಿತದ ತಪ್ಪಿಗೆ ಟಿಕೆಟ್ ಬೇಡ, ನೇರ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಸಾಕು. ಇದು ಹಾಗಲ್ಲ, ವರ್ತನೆಯನ್ನು ದಾಖಲಿಸುವ ಮಾತು. ಜ್ಯಾಂಗೊದ ಟಿಕೆಟ್ ವ್ಯವಸ್ಥೆಯಾದ ಟ್ರ್ಯಾಕ್‌ನಲ್ಲಿ ಮೊದಲು ಹುಡುಕಿ, ಇಲ್ಲದಿದ್ದರೆ ಟಿಕೆಟ್ ತೆರೆದು, ಮೇಲಿನ ಎರಡು ಸಾಲಿನ ಉದಾಹರಣೆಯನ್ನು ಪೈಥಾನ್ ಮತ್ತು ಜ್ಯಾಂಗೊ ಆವೃತ್ತಿಯ ಸಮೇತ ಹಾಕಬೇಕು. ಅಲ್ಲಿ ಕೇಳಿಬರುವ ಪ್ರಶ್ನೆ ಊಹಿಸಬಹುದು: ಡಾಕ್ಸ್ ಯಾಕೆ, ಕೋಡನ್ನೇ ಸರಿಪಡಿಸಬಾರದೇ? ಸರಿಪಡಿಸಬಹುದು, ಆದರೆ ಸ್ಲಗಿಫೈ ಬದಲಾದರೆ ಅದರ ಮೇಲೆ ನಿಂತ ತಾಣಗಳಲ್ಲಿ ಹಳೆಯ ಶೀರ್ಷಿಕೆಗೆ ಹೊಸ ಯುಆರ್‌ಎಲ್ ಹುಟ್ಟುತ್ತದೆ. ಅದರ ಚರ್ಚೆ ಎಷ್ಟು ಕಾಲ ಹಿಡಿದರೂ ಟಿಪ್ಪಣಿ ಅದಕ್ಕಾಗಿ ಕಾಯಬೇಕಿಲ್ಲ. ಟಿಪ್ಪಣಿಯಲ್ಲಿ "ಸದ್ಯಕ್ಕೆ" ಎಂದಾಗಲಿ "ಮುಂದೆ ಸರಿಯಾಗಲಿದೆ" ಎಂದಾಗಲಿ ಬರೆಯಬಾರದು. ಕೋಡ್ ಬದಲಾದ ದಿನ ಅದೇ ಪ್ಯಾಚ್‌ನಲ್ಲಿ ವರ್ಷನ್‌ಚೇಂಜ್ಡ್ ಎಂಬ ಗುರುತಿನೊಂದಿಗೆ ಈ ಸಾಲೂ ಬದಲಾಗುತ್ತದೆ.

ಹಾಗೆ ಬದಲಾಗುವಂತೆ ನೋಡಿಕೊಳ್ಳಲು ಟಿಪ್ಪಣಿಯ ಜೊತೆಗೆ ಒಂದು ಟೆಸ್ಟನ್ನೂ ಕಳಿಸುವುದು ಮೇಲು. ಯುಟಿಲ್ಸ್ ಟೆಸ್ಟ್‌ಗಳಲ್ಲಿ ಸ್ಲಗಿಫೈಗೆ ಆಗಲೇ ಒಂದು ಪಟ್ಟಿ ಇದೆ: ಕೊಟ್ಟದ್ದು, ಬರಬೇಕಾದದ್ದು, ಯೂನಿಕೋಡ್ ಟ್ರೂ ಅಥವಾ ಫಾಲ್ಸ್. ಅದಕ್ಕೆ 'ಕನ್ನಡ', 'ಕನನಡ', ಟ್ರೂ ಎಂಬ ಒಂದು ಸಾಲು ಸೇರಿಸಿದರೆ, ಮುಂದೆ ಯಾರಾದರೂ ಆ ರೆಗ್ಯುಲರ್ ಎಕ್ಸ್‌ಪ್ರೆಶನ್ ಮುಟ್ಟಿದಾಗ ಟೆಸ್ಟ್ ಮುರಿಯುತ್ತದೆ. ಟೆಸ್ಟ್ ಸಾಲಿನ ಮೇಲೆ ಯುಟಿಲ್ಸ್ ಪುಟದ ಟಿಪ್ಪಣಿಯನ್ನು ನೋಡಿ ಎಂಬ ಕಾಮೆಂಟ್ ಇದ್ದರೆ, ಮುರಿದವರಿಗೆ ಡಾಕ್ಸ್‌ನಲ್ಲಿ ಯಾವ ಸಾಲು ತಿದ್ದಬೇಕೆಂದು ಅಲ್ಲೇ ಸಿಗುತ್ತದೆ.